ಗದ್ದೆಗೆ ಇಳಿಯದ ಗಾಳಿ ಸಾಹೇಬರು

ಹದಿನಾಲ್ಕು ತಿಂಗಳಲ್ಲಿ ಜಯಶಂಕರ್ ಸರ್ ಗದ್ದೆಗೆ ಇಳಿದದ್ದು ಒಂದೇ ಒಂದು ಸಲ. ಇದು ಬಾಯಿಮಾತಲ್ಲ. ಅವರ ಕೈಕೆಳಗೆ ಕೆಲಸ ಮಾಡಿದಷ್ಟು ದಿನವೂ ನಾನು ಡೈರಿ ಬರೆದಿದ್ದೇನೆ. ಡೈರಿಯ ಕೊನೆಯ ಹಾಳೆಗಳಲ್ಲಿ ಗೀಟು ಎಳೆದು ಎಣಿಕೆ ಇಡುವುದು ನನಗೆ ಹೈಸ್ಕೂಲಿನಿಂದ ಅಂಟಿದ ಚಾಳಿ. ಅಲ್ಲಿ ಎರಡು ಸಾಲು ಹೀಗಿವೆ: ‘ಸರ್ ಹಳ್ಳಿಗಳಿಗೆ ಬಂದದ್ದು – ೬೧. ಗದ್ದೆಗೆ ಇಳಿದದ್ದು – ೧.’ ಆ ಒಂದು ಗೀಟು ಬಿದ್ದದ್ದು ಕಡೆಯ ದಿನ.

ಉಳಿದ ಅರವತ್ತು ಸಲ ಅವರು ರಬ್ಬರ್ ಮ್ಯಾಟುಗಳ ಮೇಲೆ ನಡೆದರು. ಹಾಲಿನಂಥ ಬಿಳಿ ಶೂ ಹಾಕುತ್ತಿದ್ದರು. ಕಾರಿನ ಡಿಕ್ಕಿಯಲ್ಲಿ ಎರಡು ಮ್ಯಾಟು ಇರುತ್ತಿದ್ದವು. ಗದ್ದೆಯ ತೆವರಿಯ, ಅಂದರೆ ಬದುವಿನ, ಮೇಲೆ ಒಂದನ್ನು ಹಾಸಬೇಕು, ಅದರ ಮೇಲೆ ಅವರು ನಿಲ್ಲುತ್ತಾರೆ. ಮುಂದೆ ಇನ್ನೊಂದು ಹಾಸಬೇಕು, ಅದಕ್ಕೆ ದಾಟುತ್ತಾರೆ. ಹಿಂದಿನದನ್ನು ಎತ್ತಿ ಮತ್ತೆ ಮುಂದಕ್ಕೆ ಹಾಸಬೇಕು. ದುದ್ದದಿಂದ ಮಳವಳ್ಳಿಯ ಕೊನೆಯ ಹಳ್ಳಿಯವರೆಗೆ ಅವರು ಹೀಗೇ ನಡೆದರು. ಮ್ಯಾಟು ಎತ್ತಿ ಹಾಸುತ್ತಿದ್ದವಳು ನಾನು.

“ನೆಲ ಮುಟ್ಟದೆ ನೆಲದ ಕೆಲಸ ಮಾಡ್ಸೋದೇ ಮ್ಯಾನೇಜ್‌ಮೆಂಟ್ ಕಣಮ್ಮ ಸವಿತಾ,” ಅನ್ನುತ್ತಿದ್ದರು. ತಮಾಷೆಗಲ್ಲ, ಅದು ಅವರ ಸಿದ್ಧಾಂತ.

ಕೃಷಿ ಡಿಪ್ಲೊಮಾ ಮುಗಿಸಿ ಬೆಸಗರಹಳ್ಳಿಯ ಮನೆಯಲ್ಲಿ ಕೂತಿದ್ದ ನನಗೆ ಈ ಕೆಲಸ ಸಿಕ್ಕಿದ್ದು ನವೆಂಬರ್ ನಾಲ್ಕರಂದು. ಮಂಡ್ಯದಲ್ಲಿ ಎರಡು ಕೋಣೆಯ ಆಫೀಸು, ಸರ್ ಅದರ ಮುಖ್ಯಸ್ಥರು. ಕಂಪನಿಯ ಉದ್ದೇಶ ಕೇಳಲು ಚೆನ್ನಾಗಿತ್ತು, ಈಗಲೂ ಅದು ತಪ್ಪೆಂದು ನಾನು ಹೇಳುವುದಿಲ್ಲ. ಭತ್ತದ ಗದ್ದೆಯಲ್ಲಿ ಸದಾ ನೀರು ನಿಂತರೆ ಕೆಸರಿನೊಳಗೆ ಗಾಳಿಯಾಡದೆ ಕೊಳೆತು ಮೀಥೇನ್ ಎಂಬ ಅನಿಲ ಹುಟ್ಟುತ್ತದೆ. ಅದು ಮೇಲೆ ಹೋಗಿ ಭೂಮಿಯ ಕಾವು ಹೆಚ್ಚಿಸುತ್ತದೆ. ಆಗಾಗ ನೀರು ಇಂಗಲು ಬಿಟ್ಟು ಮತ್ತೆ ಹಾಯಿಸಿದರೆ ಅನಿಲ ಕಡಿಮೆಯಾಗುತ್ತದೆ, ಭತ್ತಕ್ಕೂ ನಷ್ಟವಿಲ್ಲ. ಹಾಗೆ ಕಡಿಮೆಯಾದ ಅನಿಲದ ಲೆಕ್ಕವನ್ನು ಕಂಪನಿ ದೊಡ್ಡ ಉದ್ಯಮಗಳಿಗೆ ಮಾರಿ, ಯೋಜನೆಗೆ ಸಹಿ ಹಾಕಿದ ರೈತರಿಗೆ ಒಂದು ಪಾಲನ್ನು ಪ್ರೋತ್ಸಾಹಧನವಾಗಿ ಕೊಡುತ್ತದೆ. ಎಷ್ಟು ಇಂಗಿತು ಎಂದು ನೋಡಲು ಒಂದಡಿ ಉದ್ದದ, ಮೈತುಂಬ ತೂತುಗಳಿರುವ ಪ್ಲಾಸ್ಟಿಕ್ ಪೈಪನ್ನು ಗದ್ದೆಯಲ್ಲಿ ಅರ್ಧ ಹುಗಿದಿರುತ್ತಾರೆ. ಪೈಪಿನೊಳಗೆ ಸ್ಕೇಲು ಇಳಿಸಿ ಅಳೆಯಬೇಕು. ನೀರು ನೆಲದಿಂದ ಹದಿನೈದು ಸೆಂಟಿಮೀಟರ್ ಕೆಳಗೆ ಇಳಿದಾಗ ಮತ್ತೆ ಹಾಯಿಸಬೇಕು. ಹೂವಾಡುವ ಕಾಲದಲ್ಲಿ ಮಾತ್ರ ಯಾವ ಕಾರಣಕ್ಕೂ ಒಣಗಿಸಕೂಡದು. ಕಂಪನಿ ಹಂಚಿದ ಪುಸ್ತಿಕೆಯ ಆರನೇ ಪುಟದಲ್ಲಿ ಇದು ದಪ್ಪ ಅಕ್ಷರದಲ್ಲಿತ್ತು.

ಮೊದಲ ದಿನವೇ ಸರ್ ನನಗೊಂದು ಸ್ಟೀಲ್ ಸ್ಕೇಲು ಕೊಟ್ಟರು. “ಅಳೆಯೋಳು ಮರ್ಯಾದೆಯಾಗಿರೋ ಸ್ಕೇಲ್ ಇಟ್ಕೊಂಡಿರಬೇಕು,” ಅಂದರು. ಅವರ ಕೈಯಿಂದ ನನಗೆ ಬಂದ ಒಳ್ಳೆಯ ವಸ್ತು ಅದೊಂದೇ. ಇನ್ನೂ ನನ್ನ ಹತ್ತಿರ ಇದೆ.

ಮಾತಿನಲ್ಲಿ ಅವರನ್ನು ಮೀರಿಸುವವರಿರಲಿಲ್ಲ, ಇದನ್ನು ಒಪ್ಪಬೇಕು. ತುಂಬುಗಂಟಲು. ಅರಳಿಕಟ್ಟೆಯ ಹತ್ತಿರ ನಿಂತು ಮಾತು ಶುರು ಮಾಡಿದರೆ ಬೀಡಿ ಸೇದುತ್ತಿದ್ದವರೂ ಆರಿಸಿ ಕೇಳುತ್ತಿದ್ದರು. “ಯಜಮಾನ್ರೇ, ನಿಮ್ ಗದ್ದೆ ತೇಗುತ್ತೆ! ದಿವಸಾ ತೇಗುತ್ತೆ. ಆ ತೇಗು ಆಕಾಶಕ್ಕೆ ಹೋಗಿ ಕೂತಿದೆ. ಅದಕ್ಕೇ ಮಳೆ ಕಾಲಕ್ಕೆ ಬರ್ತಿಲ್ಲ. ನಾವು ಬಂದಿರೋದು ಆ ತೇಗು ನಿಲ್ಸೋಕೆ.”

ಮಳವಳ್ಳಿ ಕಡೆಯ ಒಂದು ಊರಲ್ಲಿ ಹೀಗೆ ಹೇಳಿದಾಗ ಅಲ್ಲಿನ ನೀರುಗಂಟಿ ಬೋರಣ್ಣ, ಅಂದರೆ ನಾಲೆಯ ತೂಬು ಎತ್ತಿ ಇಳಿಸಿ ಸರದಿಯಂತೆ ನೀರು ಹಂಚುವವನು, ಕಟ್ಟೆಯ ತುದಿಯಲ್ಲಿ ಕೂತಿದ್ದ. “ಉಂಡೋನಲ್ವಾ ಸ್ವಾಮಿ ತೇಗಾದು? ತೇಗು ನಿಲ್ಸಕ್ ಓಗಿ ಊಟಾನೇ ನಿಲ್ಲಿಸ್ಬುಟ್ಟೀರಿ, ನೋಡ್ಕಳಿ,” ಅಂದ. ಎಲ್ಲರೂ ನಕ್ಕರು. ಸರ್ ಎಲ್ಲರಿಗಿಂತ ಜೋರಾಗಿ ನಕ್ಕು ಬೋರಣ್ಣನ ಬೆನ್ನು ತಟ್ಟಿದರು. ಬರುವಾಗ ಕಾರಿನಲ್ಲಿ ಸ್ಯಾನಿಟೈಸರ್ ಹಚ್ಚಿಕೊಂಡರು.

ಊರಿನವರು ಅವರಿಗೆ ‘ಗಾಳಿ ಸಾಹೇಬ್ರು’ ಎಂದು ಹೆಸರಿಟ್ಟರು. ಗದ್ದೆಯ ಮೇಲಿನ ಗಾಳಿಗೆ ಗಿರಾಕಿ ಹುಡುಕಿಕೊಂಡು ಬಂದವರು ಎಂದು. ಸರ್‌ಗೆ ಅದು ಗೊತ್ತಾದಾಗ ಖುಷಿಪಟ್ಟರು, ಗೌರವವೆಂದುಕೊಂಡರು.

ಸಹಿ ಹಾಕುವವರೆಗೆ ರೈತರೆಲ್ಲ ಅವರಿಗೆ ‘ಯಜಮಾನ್ರು’. ಅವರ ಮಕ್ಕಳ ಹೆಸರು, ಹಸುವಿನ ಬಣ್ಣ ಎಲ್ಲ ನೆನಪಿಟ್ಟು ವಿಚಾರಿಸುತ್ತಿದ್ದರು. ಸಹಿ ಬಿದ್ದ ಮರುದಿನದಿಂದ ಅವರು ಪ್ಲಾಟುಗಳು. “ನಲವತ್ತೆರಡು ಫೋಟೋ ಕಳಿಸಿಲ್ಲ, ಎಪ್ಪತ್ತಾರು ಜಗಳ ತೆಗೀತಾನೆ.” ಒಮ್ಮೆ ಎಪ್ಪತ್ತಾರು ತೀರಿಕೊಂಡಾಗ, ಅವನ ಮಗನನ್ನು ಎಪ್ಪತ್ತಾರು ಎ ಎಂದು ಬರೆದುಕೋ ಅಂದರು.

ಕಾರಿನ ಇಂಜಿನ್ ನಿಲ್ಲಿಸುವ ಅಭ್ಯಾಸ ಅವರಿಗಿರಲಿಲ್ಲ. ಬಿಸಿಲಿಗೆ ಎ.ಸಿ. ಓಡಲೇಬೇಕು. ಅವರು ತೆವರಿಯ ಮೇಲೆ ನಿಂತು ವಾತಾವರಣದ ಬಗ್ಗೆ ಮಾತಾಡುವಾಗ ನಾಲೆಯ ಏರಿಯ ಮೇಲೆ ಕಾರು ಒಂದೇ ಸಮ ಹೊಗೆ ಬಿಡುತ್ತ ನಿಂತಿರುತ್ತಿತ್ತು. ಮೇ ಒಂದೇ ತಿಂಗಳಲ್ಲಿ ಹೀಗೆ ನಿಂತ ಹೊತ್ತು ಐದು ಗಂಟೆ ಇಪ್ಪತ್ತು ನಿಮಿಷ. ನಾನು ಬರೆದಿಟ್ಟಿದ್ದೇನೆ, ಯಾರೂ ಕೇಳಲಿಲ್ಲ.

ಆಗಸ್ಟಿನಲ್ಲಿ ನಾಟಿ ಮುಗಿದು ಅಳತೆ ಶುರುವಾಯಿತು. ದಿನಕ್ಕೆ ಹದಿನೆಂಟು ಗದ್ದೆ, ಮೊಪೆಡ್ಡಿನಲ್ಲಿ. ಸೆಪ್ಟೆಂಬರ್ ಎರಡರಂದು ನನ್ನ ಅಳತೆಗಳನ್ನು ಆಫೀಸಿನ ಕಂಪ್ಯೂಟರಿಗೆ ಹಾಕಲು ಹೋದರೆ ಅಲ್ಲಿ ಆಗಲೇ ಅಂಕಿಗಳಿದ್ದವು. ಅಂದಿನವಷ್ಟೇ ಅಲ್ಲ, ಮುಂದಿನ ವಾರದವೂ! ಪ್ರತಿ ಗದ್ದೆಯಲ್ಲೂ ನೀರು ಒಂದೇ ಲಯದಲ್ಲಿ ಇಳಿದು, ಹದಿನೈದು ಮುಟ್ಟಿ, ಮೇಲೆ ಬರುತ್ತಿತ್ತು. ಕವಾಯತು ಮಾಡಿದ ಹಾಗೆ.

“ಸರ್, ಇದು ನಾನು ಅಳೆದದ್ದಲ್ಲ,” ಅಂದೆ.

ಅವರು ಕುರ್ಚಿ ತಿರುಗಿಸಿದರು. “ನೋಡಮ್ಮ, ನೀನು ಅಳೆಯೋದು ನಿನ್ ಡೈರಿಗೆ. ನಾನು ಬರೆಯೋದು ದೇಶಕ್ಕೆ. ದೇಶದ ಲೆಕ್ಕದಲ್ಲಿ ಆರೂವರೆ, ಒಂಬತ್ತು, ಹನ್ನೊಂದೂಕಾಲು ಅಂತೆಲ್ಲ ಇದ್ರೆ ಯಾರಿಗೆ ಬೇಕು? ಹದಿನೈದು ಇರಬೇಕು.”

ಆ ದಿನ ಕೆಲಸ ಬಿಡಬಹುದಿತ್ತು. ಬಿಡಲಿಲ್ಲ. ಮರುದಿನವೂ ಹದಿನೆಂಟು ಗದ್ದೆ ಅಳೆದೆ.

ನೂರಾ ಹದಿನಾಲ್ಕನೇ ಪ್ಲಾಟು ತಾಯಮ್ಮಜ್ಜಿಯದು. ಬೋರಣ್ಣನ ಊರಿನಲ್ಲೇ, ನಾಲೆಯ ಕಟ್ಟಕಡೆಯ ತೂಬಿನ ಕೆಳಗೆ ಇಪ್ಪತ್ತೆರಡು ಗುಂಟೆ. ಅಜ್ಜಿ, ಸೊಸೆ, ಮೂರು ಮೊಮ್ಮಕ್ಕಳು ವರ್ಷವಿಡೀ ಉಣ್ಣುವ ಅನ್ನ ಅದರಲ್ಲೇ ಬೆಳೆಯಬೇಕು. ಹದಿನಾಲ್ಕು ಮೂಟೆ ಭತ್ತ ಬರುತ್ತಿತ್ತು. ಏಳು ಮೂಟೆ ಮನೆಗೆ ಎಂದು ಗೋಡೆಗೆ ಒರಗಿಸಿಟ್ಟ ಮೇಲೇ ಮಿಕ್ಕದ್ದರ ಮಾತು. ಗದ್ದೆಯಿಂದ ಬಂದವರು ಯಾರೇ ಆಗಲಿ, ಅಜ್ಜಿ ಚೊಂಬಿನಲ್ಲಿ ನೀರು ತಂದು ಕಾಲಿಗೆ ಸುರಿಯುತ್ತಿದ್ದಳು. ಸರ್ ಮೊದಲ ಸಲ ಹೋದಾಗಲೂ ತಂದಳು.

“ಕಾಲ್ ತೊಳ್ಕಳಿ ಸ್ವಾಮಿ.”

“ನನ್ ಕಾಲು ಕೊಳೆ ಆಗೋದೇ ಇಲ್ಲ ತಾಯಿ,” ಎಂದು ಸರ್ ಶೂ ತೋರಿಸಿದರು.

ಒಣಗಿಸುವ ವಿಷಯ ವಿವರಿಸಿದಾಗ ಅಜ್ಜಿಗೆ ನಗು ಬಂತು. “ನಮ್ದು ಕೊನೇ ತೂಬು ಸ್ವಾಮಿ. ನೀವು ಉಟ್ಟಕ್ ಮುಂಚಿಂದ್ಲೂ ನಮ್ ಗದ್ದೆ ಒಣಗ್ತಾನೇ ಅದೆ. ಅದ್ನ ಏಳ್ಕೊಡಕ್ಕೆ ಕಾರ್ನಲ್ಲಿ ಬರ್ಬೇಕಾಗಿತ್ತಾ?”

ಅವಳು ಹೇಳಿದ್ದು ನಿಜ. ಇಲ್ಲಿ ನಾಲೆಯ ನೀರು ಕಟ್ಟು ಪದ್ಧತಿಯಲ್ಲಿ ಬರುತ್ತದೆ: ಕೆಲವು ದಿನ ಬಿಡುತ್ತಾರೆ, ಆಮೇಲೆ ಹತ್ತು ಹನ್ನೆರಡು ದಿನ ಮುಚ್ಚುತ್ತಾರೆ. ಬಿಟ್ಟ ನೀರು ಮೇಲಿನವರ ಗದ್ದೆಗಳನ್ನೆಲ್ಲ ತುಂಬಿ ಕೊನೆಗೆ ಉಸಿರು ಹಿಡಿದುಕೊಂಡು ಅಜ್ಜಿಯ ತೂಬಿಗೆ ಬರುತ್ತದೆ. ಹಾಗಾಗಿ ಕೊನೆಯ ತೂಬಿನವರೆಲ್ಲ ಒಂದು ಕೆಲಸ ತಪ್ಪದೆ ಮಾಡುತ್ತಾರೆ. ಕಟ್ಟು ಮುಚ್ಚುವ ಹಿಂದಿನ ದಿನ ತೆವರಿಯನ್ನು ಕೆಸರಿನಿಂದ ಮೆತ್ತಿ, ಗದ್ದೆಯನ್ನು ಅಂಚಿನವರೆಗೆ ತುಂಬಿಸಿಕೊಂಡುಬಿಡುತ್ತಾರೆ. ಆ ನೀರಿನಲ್ಲೇ ಮುಂದಿನ ದಿನಗಳನ್ನು ದೂಡಬೇಕು.

ಅಜ್ಜಿಯನ್ನು ಒಪ್ಪಿಸಲು ಸರ್ ಬಳಸಿದ್ದು ಪ್ರೋತ್ಸಾಹಧನವನ್ನಲ್ಲ, ನೀರನ್ನು. “ನಮ್ ಯೋಜನೆಗೆ ಸೇರಿದೋರಿಗೆ ನೀರು ಫಸ್ಟು. ನಾಲೆ ಇಂಜಿನಿಯರ್ ನಮ್ಮೋರೇ. ನೀವು ಹೇಳಿ, ನಾಳೆ ಬೆಳಿಗ್ಗೆ ಬಿಡಿಸ್ತೀನಿ.” ಕೊನೆಯ ತೂಬಿನವರಿಗೆ ಇದಕ್ಕಿಂತ ದೊಡ್ಡ ಆಸೆ ತೋರಿಸಲು ಸಾಧ್ಯವಿಲ್ಲ. ಅಜ್ಜಿ ಹೆಬ್ಬೆಟ್ಟು ಒತ್ತಿದಳು.

ಅಕ್ಟೋಬರ್ ಹದಿನೆಂಟು. ಪೈರು ಹೊಡೆ ತುಂಬಿ ನಿಂತಿತ್ತು, ಎರಡು ಮೂರು ದಿನದಲ್ಲಿ ತೆನೆ ಹೊರಬಂದು ಹೂವಾಡಬೇಕು. ಅಜ್ಜಿ, ಸೊಸೆ ಇಬ್ಬರೂ ಬೆಳಿಗ್ಗೆಯಿಂದ ಸಂಜೆಯವರೆಗೆ ತೆವರಿ ಮೆತ್ತಿ ನೀರು ನಿಲ್ಲಿಸಿದ್ದರು. ನಾನು ಅಳೆದೆ: ನೆಲದ ಮೇಲೆ ಏಳು ಸೆಂಟಿಮೀಟರ್.

ಹತ್ತೊಂಬತ್ತು. ಮಧ್ಯಾಹ್ನ ಕಟ್ಟು ಮುಚ್ಚುವುದಿತ್ತು. ಬೆಳಿಗ್ಗೆ ಸರ್ ಕಾರಿನಲ್ಲಿ ನನ್ನನ್ನು ಕರೆದುಕೊಂಡು ಹೊರಟರು. ಇಪ್ಪತ್ತೊಂದಕ್ಕೆ ಗದ್ದೆ ನೋಡಲು ಕಂಪನಿಯ ಕಡೆಯಿಂದ ತಪಾಸಣೆಯವರು ಬರುತ್ತಾರಂತೆ. ಲೆಕ್ಕದ ಪ್ರಕಾರ ನೂರಾ ಹದಿನಾಲ್ಕರಲ್ಲಿ ಅಂದು ಒಣಗದ್ದೆ ಕಾಣಬೇಕು. ಲೆಕ್ಕವನ್ನು ಬರೆದವರು ಅವರೇ.

“ಸರ್, ಇವತ್ತು ಕಟ್ಟು ಮುಚ್ತಾರೆ. ಮತ್ತೆ ನೀರು ಬರೋದು ಮೂವತ್ತೊಂದಕ್ಕೆ. ಪೈರು ಹೊಡೇಲಿದೆ. ಆರನೇ ಪುಟದಲ್ಲಿ…”

“ಆ ಡೈರಿ ಬೀರುಗೆ ಹಾಕಿ ಬೀಗ ಹಾಕಮ್ಮ.”

ಗದ್ದೆಯ ಹತ್ತಿರ ಮ್ಯಾಟು ಹಾಸಿದೆ. ಸರ್ ಅದರ ಮೇಲೆ ನಿಂತು, ತೆವರಿ ಕಡಿದು ನೀರು ಬಸಿಯಲು ಬಿಡಿ ಅಂದರು. ಅಜ್ಜಿಗೆ ಅರ್ಥವಾಗಲಿಲ್ಲ; ಎರಡು ಸಲ ಹೇಳಿಸಿಕೊಂಡಳು.

“ಬಸುರಿ ಬಾಯಿಂದ ನೀರು ಕಿತ್ಕಂಡಂಗಾಯ್ತದೆ ಸ್ವಾಮಿ! ಕಟ್ ಬೇರೆ ಮುಚ್ತಾವ್ರೆ.”

“ಎರಡೇ ದಿನ ತಾಯಿ. ಅವರು ನೋಡ್ಕೊಂಡು ಹೋದ ಮರುದಿನ ಬೆಳಿಗ್ಗೆ ನೀರು ಬಿಡಿಸ್ತೀನಿ. ನನ್ ಮಾತು.”

“ಬುಡದಿದ್ರೆ?”

“ಬಿಡ್ದಿದ್ರೆ ಏನು ಉಪವಾಸ ಇರ್ತೀರಾ? ಸರ್ಕಾರ ರೇಷನ್ ಕೊಡಲ್ವಾ? ದೇಶದ ಗೋಡೌನ್ ತುಂಬ ಅಕ್ಕಿ ಇದೆ ತಾಯಿ.”

“ರೇಸನ್ ಅಕ್ಕಿ ಅದಿನೈದು ದಿನಕ್ಕೆ ಬತ್ತದೆ. ಇನ್ನದಿನೈದು ದಿನ ನಿಮ್ ಗಾಳಿ ತಿನ್ನಾದಾ?”

ಸರ್ ನಕ್ಕರು. ಅಜ್ಜಿ ನಗಲಿಲ್ಲ. ನನ್ನ ಕಡೆ ತಿರುಗಿದಳು. ಎರಡೂವರೆ ತಿಂಗಳಿಂದ ವಾರ ವಾರವೂ ಅವಳ ಗದ್ದೆಗೆ ಇಳಿದು ಸ್ಕೇಲು ಹಿಡಿದವಳು ನಾನು. “ನೀನೇಳು ಮಗಾ. ಕಡೀಲಾ?”

ಆರನೇ ಪುಟ ನನಗೆ ಬಾಯಿಪಾಠವಿತ್ತು. ಕಟ್ಟಿನ ತಾರೀಖು ಡೈರಿಯಲ್ಲಿತ್ತು. “ಸರ್ ಹೇಳ್ತಿದ್ದಾರಲ್ಲ ಅಜ್ಜಿ,” ಅಂದೆ. ಮೂರೇ ಮೂರು ಪದ. ಅಜ್ಜಿ ಗುದ್ದಲಿ ಎತ್ತಿದಳು. ಹಿಂದಿನ ಸಂಜೆ ಮೆತ್ತಿದ ಕೆಸರು ಇನ್ನೂ ಹಸಿಯಾಗಿತ್ತು, ಎರಡೇ ಏಟಿಗೆ ಬಾಯಿ ಬಿಟ್ಟಿತು. ನೀರು ಪಕ್ಕದ ಬಸಿಗಾಲುವೆಗೆ ಇಳಿದು ಖಾಲಿಯಾಗಲು ನಲವತ್ತು ನಿಮಿಷ ಹಿಡಿಯಿತು. ಅದನ್ನೂ ಬರೆದುಕೊಂಡೆ.

ಇಪ್ಪತ್ತೊಂದಕ್ಕೆ ಮೂವರು ಬಂದರು. ಗದ್ದೆಯ ಹತ್ತಿರ ಇದ್ದದ್ದು ಒಂಬತ್ತು ನಿಮಿಷ. ಬಿರುಕು ಬಿಡಲು ಶುರುವಾಗಿದ್ದ ನೆಲದ ಫೋಟೋ ತೆಗೆದು, ಪೈಪಿಗೆ ಇಣುಕಿ, ಬಹಳ ಚೆನ್ನಾಗಿದೆ ಅಂದರು. ಒಬ್ಬರೂ ಪೈರಿನ ಕಡೆ ನೋಡಲಿಲ್ಲ. ಊರಿನ ಸಮುದಾಯ ಭವನದಲ್ಲಿ ಸರ್ ಎಂಬತ್ತು ಜನರ ಅಡುಗೆ ಮಾಡಿಸಿದ್ದರು. ಅತಿಥಿಗಳು ಊಟ ಮಾಡುವವರೆಗೆ ಊರಿನವರಿಗೆ ಬಡಿಸಕೂಡದು ಎಂದು ಕಟ್ಟಪ್ಪಣೆ. ಅತಿಥಿಗಳು ಊಟ ಬೇಡವೆಂದು ಎಳನೀರು ಕುಡಿದು ಹೊರಟರು. ಕಾದು ಕಾದು ಊರಿನವರೂ ಎದ್ದು ಹೋಗಿದ್ದರು. ಉಂಡವರು ಹನ್ನೊಂದು ಜನ. “ಕರೆದು ಹಂಚೋಣ ಸರ್,” ಅಂದರೆ, “ಕಾರ್ಯಕ್ರಮದ ಊಟ ಹಂಚೋಕೆ ಇದೇನು ಛತ್ರವಾ?” ಅಂದರು. ಸಂಜೆ ಅಡುಗೆಯವರು ಒಂದು ಕೊಪ್ಪರಿಗೆ ಅನ್ನವನ್ನು ಬಸಿಗಾಲುವೆಗೆ ಸುರಿದರು, ಅಜ್ಜಿಯ ಗದ್ದೆಯ ನೀರು ಹೋದ ಅದೇ ಕಾಲುವೆಗೆ.

ಬೋರಣ್ಣ ಸೈಕಲ್ ನಿಲ್ಲಿಸಿ ನೋಡಿದ. “ಈ ಅನ್ನ ಅಲ್ ಕೊಳುತ್ರೆ ತೇಗು ಬರಕಿಲ್ವೇನವ್ವಾ?” ಎಂದು ನನ್ನನ್ನು ಕೇಳಿದ. ಬರುತ್ತದೆ. ಗದ್ದೆಯಲ್ಲಿ ಬರುವ ಅನಿಲವೇ ಅಲ್ಲೂ ಬರುತ್ತದೆ. ಆದರೆ ಬಸಿಗಾಲುವೆಯಲ್ಲಿ ನಮ್ಮ ಪೈಪಿರಲಿಲ್ಲ.

ಇಪ್ಪತ್ತೆರಡರ ಬೆಳಿಗ್ಗೆ ನೀರು ಬರಲಿಲ್ಲ. ಬೋರಣ್ಣನನ್ನು ಕೇಳಿದೆ. “ಕಟ್ ಮುಚ್ಚದ್ಮೇಲೆ ಬ್ರಹ್ಮ ಬಂದ್ರೂ ತೂಬು ಎತ್ತಂಗಿಲ್ಲ ಕಣವ್ವ. ನಿಮ್ ಸಾಹೇಬ್ರು ನಮ್ ಇಂಜಿನೇರ್‌ನ ನೋಡೇ ಇಲ್ವಂತೆ,” ಅಂದ. ಅಂದಿನಿಂದ ಮೂವತ್ತರವರೆಗೆ ನಾನು ಸರ್‌ಗೆ ಮಾಡಿದ ಫೋನು ಇಪ್ಪತ್ತಮೂರು, ಎತ್ತಿದ್ದು ಎರಡು. ಒಮ್ಮೆ “ಮೀಟಿಂಗ್‌ನಲ್ಲಿದ್ದೀನಿ” ಅಂದರು. ಇನ್ನೊಮ್ಮೆ, “ಎಲ್ಲರ ಗದ್ದೆಯಲ್ಲೂ ಇರೋದೇ ಕಣಮ್ಮ, ನೀನೇನು ಅವಳ ಸೊಸೆಯಾ?”

ಸೊಸೆ ಮತ್ತು ಅಜ್ಜಿ ದೂರದ ನೀರುಕಟ್ಟೆಯಿಂದ ಕೊಡದಲ್ಲಿ ನೀರು ಹೊತ್ತು ತಂದು ಸುರಿದರು. ಒಂದು ದಿನ ನಾನೂ ಹೊತ್ತೆ. ಹದಿನಾರು ಕೊಡ. ನೆಲ ಕುಡಿದ ಗುರುತೂ ಉಳಿಯಲಿಲ್ಲ. ಮೂವತ್ತೊಂದಕ್ಕೆ ನಾಲೆಯಲ್ಲಿ ನೀರು ಬಂತು, ಅಜ್ಜಿಯ ತೂಬಿಗೆ ನವೆಂಬರ್ ಎರಡರ ಸಂಜೆ. ಅಷ್ಟರಲ್ಲಿ ತೆನೆಗಳು ಬೆಳ್ಳಗೆ ನೆಟ್ಟಗೆ ನಿಂತಿದ್ದವು. ಕಾಳು ಕಟ್ಟಿದ ತೆನೆ ಬಾಗುತ್ತದೆ. ಅವು ಬಾಗಲಿಲ್ಲ.

ಡಿಸೆಂಬರ್ ಹದಿನೇಳಕ್ಕೆ ಕೊಯ್ಲಾಗಿ, ತೂರಿದ ಮೇಲೆ ಉಳಿದದ್ದು ಮೂರೂವರೆ ಮೂಟೆ. ಮಿಕ್ಕದ್ದು ಜೊಳ್ಳು. ಗೋಡೆಗೆ ಏಳು ಮೂಟೆ ಒರಗುತ್ತಿದ್ದ ಜಾಗದಲ್ಲಿ ಮೊಮ್ಮಕ್ಕಳು ಪುಸ್ತಕದ ಚೀಲ ಇಟ್ಟಿದ್ದರು.

ಆ ವಾರವೇ ಕಂಪನಿಯ ವರದಿ ಬಂತು. ತಪಾಸಣೆಯ ಬಿರುಕಿನ ಫೋಟೋದ ಜೊತೆ ಆಮೇಲಿನ ಒಣ ದಿನಗಳನ್ನೂ ಸರ್ ಲೆಕ್ಕಕ್ಕೆ ಸೇರಿಸಿದ್ದರು: ಇಡೀ ಜಿಲ್ಲೆಯಲ್ಲಿ ಅತಿ ಹೆಚ್ಚು ದಿನ ಒಣಗಿ, ಅತಿ ಕಡಿಮೆ ಅನಿಲ ಬಿಟ್ಟ ಗದ್ದೆ ನೂರಾ ಹದಿನಾಲ್ಕು. ಮೊದಲ ಬಹುಮಾನ. ನಾನು ಮೂರು ಸಲ ಓದಿದೆ. ಆ ಲೆಕ್ಕದಂತೆ ನಡೆದರೆ ಏನೂ ಬೆಳೆಯದ ದೇಶವೇ ಎಲ್ಲಕ್ಕಿಂತ ಶುದ್ಧ ದೇಶ. ಅಜ್ಜಿಯ ಮನೆಯವರು ಉಣ್ಣುವುದನ್ನು ನಿಲ್ಲಿಸಿರಲಿಲ್ಲವಲ್ಲ. ಸೊಸೆ ಮಳವಳ್ಳಿಯ ಅಂಗಡಿಯಿಂದ ಅಕ್ಕಿ ತರುತ್ತಿದ್ದಳು. ಆ ಅಕ್ಕಿ ಇನ್ನೆಲ್ಲೋ, ಇನ್ನಾರದೋ ನೀರು ನಿಂತ ಗದ್ದೆಯಲ್ಲಿ ಬೆಳೆದು, ಗಿರಣಿ ಹೊಕ್ಕು, ಲಾರಿಯೇರಿ ಬಂದದ್ದು. ತೇಗು ನಿಂತಿರಲಿಲ್ಲ. ನಮ್ಮ ಪೈಪಿಲ್ಲದ ಕಡೆಗೆ ಹೋಗಿತ್ತು, ಜೊತೆಗೆ ಲಾರಿಯ ಹೊಗೆಯನ್ನೂ ಕಟ್ಟಿಕೊಂಡು. ಪೈಪು ಸುಳ್ಳು ಹೇಳಿರಲಿಲ್ಲ ಪಾಪ. ಅದನ್ನು ಕೇಳಿದವರೇ ಇರಲಿಲ್ಲ.

ಡಿಸೆಂಬರ್ ಇಪ್ಪತ್ತೊಂಬತ್ತು ನನ್ನ ಕೆಲಸದ ಕಡೆಯ ದಿನ. ನಾನೇ ಬರೆದುಕೊಟ್ಟು ಬಿಟ್ಟಿದ್ದೆ. ಸರ್‌ಗೆ ಬೇರೆ ಜಿಲ್ಲೆಗೆ ಬಡ್ತಿಯಾಗಿತ್ತು. ಅಲ್ಲಿ ಈಗ ಮರಗಳ ಲೆಕ್ಕ ಬರೆಯುತ್ತಿದ್ದಾರಂತೆ. ಅಂದು ಅವರು ಅಜ್ಜಿಯ ಗದ್ದೆಗೆ ಬಂದದ್ದು ಎರಡು ಕೆಲಸಕ್ಕೆ: ಪ್ಲಾಸ್ಟಿಕ್ ಹೊದಿಸಿದ ಪ್ರಶಸ್ತಿಪತ್ರ ಕೊಡುವುದು, ಪೈಪು ವಾಪಸು ತೆಗೆದುಕೊಳ್ಳುವುದು. ಪೈಪು ಕಂಪನಿಯ ಆಸ್ತಿ. ಒಂದು ಕಡಿಮೆಯಾದರೆ ಅವರ ವರ್ಗಾವಣೆಯ ಕಾಗದಕ್ಕೆ ಸಹಿ ಬೀಳುವುದಿಲ್ಲ.

ಪ್ರಶಸ್ತಿಪತ್ರವನ್ನು ಅಜ್ಜಿ ಎರಡೂ ಕೈಯಲ್ಲಿ ತೆಗೆದುಕೊಂಡಳು. “ಏನಂತ ಬರ್ದದೆ ಮಗಾ?”

“ನಿಮ್ಮ ಗದ್ದೆ ಜಿಲ್ಲೆಗೇ ಮೊದಲು ಅಂತ.”

“ಓ!” ಅಂದಳು. ಅದನ್ನು ಮಡಿಸಲು ನೋಡಿದಳು, ಮಡಿಸಲಾಗಲಿಲ್ಲ. ತೆವರಿಯ ಮೇಲಿಟ್ಟು ಅದರ ಮೇಲೆ ಕೂತಳು.

ಸರ್ ಕೈಗಡಿಯಾರ ನೋಡಿಕೊಂಡರು. “ಸವಿತಾ, ಪೈಪ್ ತೆಗಿ.”

“ನನ್ ಕೆಲಸ ಹನ್ನೆರಡಕ್ಕೆ ಮುಗೀತು ಸರ್. ಈಗ ಹನ್ನೆರಡೂ ಹತ್ತು.”

ಅವರು ಸುತ್ತ ನೋಡಿದರು. ಬೋರಣ್ಣ ನಾಲೆಯ ಏರಿಯ ಮೇಲೆ ಬೀಡಿ ಹಚ್ಚಿ ಕೂತಿದ್ದ, ಕದಲಲಿಲ್ಲ. ಹಿಂದಿನ ದಿನ ಅಕಾಲ ಮಳೆ ಬಂದು ಗದ್ದೆ ಮತ್ತೆ ಕೆಸರಾಗಿತ್ತು. ಸರ್ ಇನ್ನೊಮ್ಮೆ ಕೈಗಡಿಯಾರ ನೋಡಿಕೊಂಡರು. ಆಮೇಲೆ ಶೂ ಬಿಚ್ಚಿದರು, ಸಾಕ್ಸು ಬಿಚ್ಚಿ ಶೂ ಒಳಗಿಟ್ಟರು, ಪ್ಯಾಂಟು ಮಡಿಚಿದರು. ಬಿಸಿಲು ಕಾಣದ, ನೆನೆಹಾಕಿದ ಅವರೆಕಾಳಿನಂಥ ಕಾಲುಗಳು.

“ಕೂಳೆ ಚುಚ್ತದೆ ಸ್ವಾಮಿ, ನೋಡ್ಕಂಡ್ ಇಳೀರಿ,” ಅಂದಳು ಅಜ್ಜಿ.

ಕೊಯ್ದ ಪೈರಿನ ಕೂಳೆ ಚುಚ್ಚಿತು. ಹದಿನೈದು ಹೆಜ್ಜೆಗೆ ನಾಲ್ಕು ಸಲ ‘ಅಮ್ಮಾ’ ಅಂದರು. ಪೈಪು ಸುಲಭವಾಗಿ ಬರಲಿಲ್ಲ. ಅಲ್ಲಾಡಿಸಿ, ತಬ್ಬಿ ಎಳೆದಾಗ ಮೊಣಕಾಲವರೆಗೂ ಕೆಸರಾಗಿ, ಅಂಗಿಗೂ ಬಡಿಯಿತು. ಮಗುವನ್ನು ಎತ್ತಿಕೊಂಡಂತೆ ಪೈಪನ್ನು ಎದೆಗೆ ಒತ್ತಿಕೊಂಡು ಮೇಲೆ ಬಂದರು.

ಅಜ್ಜಿ ಎದ್ದು, ಮನೆಯಿಂದ ತಂದಿದ್ದ ಚೊಂಬನ್ನು ಕೊಟ್ಟಳು. ಕಾಲಿಗೆಂದೇ ತಂದಿದ್ದಳು. ಸರ್ ಚೊಂಬು ಇಸಿದುಕೊಂಡು ಮೊದಲು ಪೈಪು ತೊಳೆದರು. ಒಂದೊಂದು ತೂತಿಗೂ ಬೆರಳು ಹಾಕಿ, ಕೆಸರು ತೆಗೆದು, ಒಳಗೂ ಹೊರಗೂ ತೊಳೆದರು. ಚೊಂಬು ಬರಿದಾಯಿತು. ಆಗ ಕಾಲು ನೋಡಿಕೊಂಡು, ಚೊಂಬನ್ನು ಅಜ್ಜಿಯ ಕಡೆ ಚಾಚಿದರು.

“ಇನ್ ಸ್ವಲ್ಪ ನೀರು ತಾಯಿ?”

ಅಜ್ಜಿ ಚೊಂಬನ್ನು ಕೈಗೆ ತೆಗೆದುಕೊಂಡು ಬೋರಲು ಹಾಕಿದಳು. “ನಾಳೆ ಬೆಳಿಗ್ಗೆ ಬುಡುಸ್ತೀನಿ ಸ್ವಾಮಿ,” ಅಂದಳು. “ನನ್ ಮಾತು.”

ಕಾರಿನ ಇಂಜಿನ್ ಓಡುತ್ತಲೇ ಇತ್ತು. ಬರುವಾಗ ಹಾಸಿದ್ದ ಮ್ಯಾಟುಗಳನ್ನು ನಾನು ಹನ್ನೆರಡಕ್ಕೇ ಎತ್ತಿ ಡಿಕ್ಕಿಗೆ ಹಾಕಿದ್ದೆ. ಮತ್ತೆ ತರಲಿಲ್ಲ. ಸರ್ ಒಂದು ಕೈಯಲ್ಲಿ ಶೂ, ಒಂದು ಕೈಯಲ್ಲಿ ಪೈಪು ಹಿಡಿದು ಕೆಸರುಗಾಲಲ್ಲಿ ತೆವರಿಯ ಉದ್ದಕ್ಕೂ ನಡೆದು ಹೋದರು. ನಾನು ಡೈರಿ ತೆಗೆದು ಗೀಟು ಎಳೆದೆ.